ಗುಳ್ಳದ ಹೂ ಯಾಕೆ ನಿಲ್ಲಲಿಲ್ಲ?

2024ರ ಡಿಸೆಂಬರ್ ಎರಡನೇ ವಾರ. ಮಣಿಪಾಲದಲ್ಲಿ ಕೆಲಸ ಮುಗಿಸಿ ಬಸ್ಸು ಹತ್ತಿದ್ದೆ, ಅಮ್ಮನ ಫೋನ್ ಬಂತು. ಯಾವಾಗಲೂ ಎಷ್ಟು ಗಂಟೆಗೆ ತಲುಪುತ್ತಿ ಎಂದು ಶುರು ಮಾಡುವ ಅಮ್ಮ ಅವತ್ತು ನೇರ ವಿಷಯಕ್ಕೇ ಬಂದಳು.

"ಗಿಡ ಚಂದ ಉಂಟು. ಹೂವೂ ಬಂದಿದೆ. ಆದರೆ ನಿಲ್ಲುದಿಲ್ಲ ಮಗಾ. ಬೆಳಿಗ್ಗೆ ಹೋಗಿ ನೋಡಿದರೆ ಬುಡದಲ್ಲೆಲ್ಲ ಹೂವೇ."

ನಮ್ಮದು ಕಾಪು ತಾಲೂಕಿನ ಮಟ್ಟು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ನಡುವಿನ ಗದ್ದೆಗಳಲ್ಲಿ ಮಳೆಗಾಲಕ್ಕೆ ಭತ್ತ, ಮಳೆ ಬಿಟ್ಟ ಮೇಲೆ ಗುಳ್ಳ. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜದಿಂದ ಬಂದ ಬದನೆ ಎಂದು ಊರಿನ ನಂಬಿಕೆ. ಉಡುಪಿಯ ಪರ್ಯಾಯದ ಅಡುಗೆಗೂ ಇದು ಬೇಕು. 2011ರಲ್ಲಿ ಮಟ್ಟುಗುಳ್ಳಕ್ಕೆ ಜಿಐ ಮಾನ್ಯತೆ ಸಿಕ್ಕಿತು.

ನಮಗಿರುವುದು ಸಣ್ಣ ಗದ್ದೆ. ಆದರೆ ಅಡವಿಟ್ಟ ಚಿನ್ನದ ಬಡ್ಡಿ, ತಮ್ಮನ ಕಾಲೇಜಿನ ಫೀಸು, ಎರಡೂ ಹೊರಡುವುದು ಆ ಗದ್ದೆಯಿಂದಲೇ. ಹಾಗಾಗಿ "ಹೂ ನಿಲ್ಲುದಿಲ್ಲ" ಎಂಬುದು ನಮ್ಮ ಮನೆಯಲ್ಲಿ ಸಣ್ಣ ಮಾತಲ್ಲ.

ನಾನು ಪತ್ರಿಕೋದ್ಯಮ ಓದಿದವಳು. ಪರಾಗಸ್ಪರ್ಶದ ಬಗ್ಗೆ ಎಲ್ಲಿಯೋ ಓದಿದ್ದು ನೆನಪಿತ್ತು. ಬಸ್ಸಿನಲ್ಲಿ ಕೂತೇ ತೀರ್ಪು ಕೊಟ್ಟೆ: "ಜೇನು ಕಮ್ಮಿ ಆಗಿದೆ ಅಮ್ಮ. ಮಾವನ ಹತ್ತಿರ ಒಂದು ಪೆಟ್ಟಿಗೆ ಕೇಳುವ."

ಪೆಟ್ಟಿಗೆ ಬಂತು, ಕಾಯಿ ಬರಲಿಲ್ಲ

ಮಾವನ ಮನೆ ಕಾರ್ಕಳ ತಾಲೂಕಿನ ಮಾಳದ ಕಡೆ, ಘಟ್ಟದ ಬುಡದಲ್ಲಿ. ಅಡಿಕೆ, ರಬ್ಬರ್, ಅದರ ಜೊತೆಗೆ ತುಡುವೆ ಜೇನಿನ ಕೆಲವು ಪೆಟ್ಟಿಗೆ. ಜೇನನ್ನು ಸಾಗಿಸುವುದಾದರೆ ಕತ್ತಲಾದ ಮೇಲೆಯೇ, ಎಲ್ಲ ನೊಣಗಳೂ ಒಳಗೆ ಬಂದ ಮೇಲೆ. ಮಾವ ಬಾಗಿಲಿಗೆ ಬಲೆ ಕಟ್ಟಿ ರಾತ್ರಿ ಪಿಕಪ್‌ನಲ್ಲಿ ಪೆಟ್ಟಿಗೆ ತಂದರು. ಗದ್ದೆಯ ಬದಿಯಲ್ಲಿ, ತೆಂಗಿನ ಮರದ ನೆರಳಿನಲ್ಲಿ ಇಟ್ಟರು.

ಮರುದಿನದಿಂದ ನಾನು ರಜೆ ಹಾಕಿ ಗದ್ದೆಯ ಹುಣಿಯಲ್ಲಿ ಕೂತೆ. ನೋಡಿದ್ದು ಇಷ್ಟು: ನಮ್ಮ ಪೆಟ್ಟಿಗೆಯ ಜೇನು ನಮ್ಮ ಗುಳ್ಳದ ಸಾಲಿನ ಮೇಲಿಂದಲೇ ಹಾರಿ ತೆಂಗಿನ ಹೂವಿಗೆ ಹೋಗುತ್ತಿತ್ತು. ಅಪರೂಪಕ್ಕೆ ಒಂದೆರಡು ಗುಳ್ಳದ ಹೂವಿನ ಮೇಲೆ ಕೂತು, ಸುತ್ತು ಹಾಕಿ, ಎದ್ದು ಹೋಗುತ್ತಿದ್ದವು.

"ನಿನ್ನ ಜೇನಿಗೆ ಗುಳ್ಳ ರುಚಿಸುದಿಲ್ಲ ಅಂತ ಕಾಣ್ತದೆ" ಎಂದು ಅಪ್ಪ ನಕ್ಕರು.

ಕೀಟಶಾಸ್ತ್ರ ಓದಿದ ಗೆಳತಿಯೊಬ್ಬಳಿಗೆ ಫೋನ್ ಮಾಡಿದೆ. ಅವಳೂ ನಕ್ಕಳು. ಆಮೇಲೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಬದನೆ, ಟೊಮೆಟೊ ಬೆಳೆಯುವ ಎಲ್ಲರಿಗೂ ಇದು ಬೇಕಾದ ಮಾತು.

ಬದನೆ ಹೂವಿನಲ್ಲಿ ಮಕರಂದ ಇಲ್ಲ. ನಡುವೆ ಹಳದಿ ಬಣ್ಣದ ಕೇಸರಗಳು ಕೊಳವೆಯ ಹಾಗೆ ಒಟ್ಟಾಗಿ ನಿಂತಿರುತ್ತವೆ. ಪರಾಗದ ಪುಡಿ ಆ ಕೊಳವೆಯ ಒಳಗೆ. ಹೊರಗೆ ಬರಲು ಇರುವುದು ತುದಿಯಲ್ಲಿರುವ ಸಣ್ಣ ತೂತು ಮಾತ್ರ, ಉಪ್ಪಿನ ಡಬ್ಬದ ಮುಚ್ಚಳದ ಹಾಗೆ. ಅಲ್ಲಾಡಿಸದೆ ಪುಡಿ ಬೀಳುವುದಿಲ್ಲ. ಕೆಲವು ಜಾತಿಯ ದುಂಬಿಗಳಿಗೆ ಈ ಕೆಲಸ ಗೊತ್ತು. ಹೂವನ್ನು ಕಾಲಿನಲ್ಲಿ ಬಿಗಿಯಾಗಿ ಹಿಡಿದು, ರೆಕ್ಕೆ ಬಡಿಯದೆ, ರೆಕ್ಕೆಯ ಸ್ನಾಯುಗಳನ್ನು ಮಾತ್ರ ಜೋರಾಗಿ ನಡುಗಿಸುತ್ತವೆ. ಆಗ "ಝಂಯ್" ಎಂದು ಸಣ್ಣ ಶಬ್ದ ಬರುತ್ತದೆ, ಪುಡಿ ಉದುರುತ್ತದೆ. ನಾವು ಸಾಕುವ ತುಡುವೆಗೆ ಈ ವಿದ್ಯೆ ಇಲ್ಲ. ಹೆಜ್ಜೇನಿಗೂ ಇಲ್ಲ, ಮುಜಂಟಿಗೂ ಇಲ್ಲ.

ನಂಬಿಕೆ ಬರಲಿಲ್ಲ. ಮಣಿಪಾಲದ ರೂಮ್‌ಮೇಟ್ ಹತ್ತಿರ ಬ್ಯಾಟರಿಯಲ್ಲಿ ನಡೆಯುವ ಟೂತ್ ಬ್ರಷ್ ಇತ್ತು. ಹಳೆಯದನ್ನು ಕೇಳಿ ತಂದೆ. ಚಾಲೂ ಮಾಡಿ ಹೂವಿನ ತೊಟ್ಟಿಗೆ ತಾಗಿಸಿದೆ, ಕೆಳಗೆ ಕಪ್ಪು ಮೊಬೈಲ್ ಪರದೆ ಹಿಡಿದೆ. ಪರದೆಯ ಮೇಲೆ ಅರಸಿನ ಪುಡಿಯ ಹಾಗೆ ಬಿತ್ತು. ಅಮ್ಮ ಬಗ್ಗಿ ನೋಡಿದಳು.

"ಚೀನಿಕಾಯಿಗೆ ನಾನು ಗಂಡು ಹೂ ಮುಟ್ಟಿಸುದಿಲ್ಲವಾ, ಹಾಗೆಯೇ ಇದು" ಎಂದಳು. ಪರಾಗಸ್ಪರ್ಶ ಅಂದರೆ ಏನೆಂದು ಅಮ್ಮನಿಗೆ ಪಾಠ ಮಾಡಬೇಕಾಗಿರಲಿಲ್ಲ. ಹೆಸರು ಒಂದು ಗೊತ್ತಿರಲಿಲ್ಲ, ಅಷ್ಟೇ.

ಗುಳ್ಳದ ಗೆಳೆಯರು ಯಾರು?

ಮತ್ತೆ ಹುಣಿಯಲ್ಲಿ ಕೂತೆ. ಈ ಸಲ ಹುಡುಕಬೇಕಾದ್ದು ಏನು ಎಂದು ಗೊತ್ತಿತ್ತು. ಎರಡು ಬಗೆಯವು ಸಿಕ್ಕಿದವು.

ಒಂದು, ದೊಡ್ಡ ಕಪ್ಪು ದುಂಬಿ. ಹಂಚಿನ ಮನೆಯ ಪಕ್ಕಾಸು ಕೊರೆದು ಹುಡಿ ಉದುರಿಸುತ್ತದಲ್ಲ, ಅದೇ. ಒಣ ಮರ, ಬಿದಿರು ಅದಕ್ಕೆ ಮನೆ. ಇನ್ನೊಂದು, ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಸಣ್ಣ ದುಂಬಿ. ಒಂದು ಕಡೆ ನಿಲ್ಲದೆ ಸರ್ರನೆ ಹೋಗುತ್ತದೆ, ಬರುತ್ತದೆ. ಇದು ಗುಂಪಾಗಿ ಗೂಡು ಕಟ್ಟುವುದಿಲ್ಲ, ರಾಣಿ ಇಲ್ಲ, ತುಪ್ಪ ಇಲ್ಲ. ಒಂದೊಂದು ಹೆಣ್ಣೂ ಮಣ್ಣಿನಲ್ಲಿ, ಮಣ್ಣಿನ ಗೋಡೆಯಲ್ಲಿ ತೂತು ಮಾಡಿ ಒಂಟಿಯಾಗಿ ಮೊಟ್ಟೆ ಇಡುತ್ತದೆ.

ಜಗತ್ತಿನಲ್ಲಿ 20,000ಕ್ಕೂ ಹೆಚ್ಚು ಜಾತಿಯ ಜೇನು-ದುಂಬಿಗಳಿವೆ, ಭಾರತದಲ್ಲಿ 700ಕ್ಕೂ ಹೆಚ್ಚು. ಅದರಲ್ಲಿ ತುಪ್ಪ ಕೊಡುವವು ಬೆರಳೆಣಿಕೆಯಷ್ಟು. ನಾವು ಹೆಸರಿಟ್ಟು ಕರೆಯುವುದು ತುಪ್ಪ ಕೊಡುವವನ್ನು ಮಾತ್ರ. ಗುಳ್ಳಕ್ಕೆ ದುಡಿಯುವವು ಹೆಸರಿಲ್ಲದವು.

ಹಾಗಂತ ದುಂಬಿ ಬರದಿದ್ದರೆ ಬದನೆ ಕಾಯಿಯೇ ಬಿಡುವುದಿಲ್ಲ ಎಂದಲ್ಲ. ಗಾಳಿಗೆ ಅಲ್ಲಾಡಿ ಅದರದೇ ಪರಾಗ ಅದಕ್ಕೇ ಬಿದ್ದರೂ ಸ್ವಲ್ಪ ಕಾಯಿ ಕಟ್ಟುತ್ತದೆ. ದುಂಬಿ ಬಂದರೆ ಹೆಚ್ಚು ಕಟ್ಟುತ್ತದೆ, ಕಾಯಿ ತುಂಬಿ ಬರುತ್ತದೆ. ಒಳ್ಳೆಯ ಕಾಯಿಯನ್ನೇ ಬೀಜಕ್ಕೆ ಬಿಡುವ ನಮ್ಮಂಥವರಿಗೆ ಮುಂದಿನ ವರ್ಷದ ಬೀಜವೂ ಅದರ ಮೇಲೆ ನಿಂತಿದೆ. 2010ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಬಿಟಿ ಬದನೆಗೆ ತಡೆ ಹಾಕಿತಲ್ಲ, ಅದಕ್ಕೆ ಮುಂಚೆ ನಮ್ಮ ಊರಲ್ಲಿ ಇದ್ದ ಆತಂಕವೂ ಗುಳ್ಳದ ತಳಿ ಬೆರಕೆ ಆಗುವುದರ ಬಗ್ಗೆಯೇ. ಪರಾಗ ಬೇಲಿ ದಾಟುತ್ತದೆ ಎಂದು ಊರಿಗೆ ಗೊತ್ತಿತ್ತು. ದಾಟಿಸುವವರು ಯಾರೆಂದು ನಾವು ನೋಡಿರಲಿಲ್ಲ.

ಪುದುಚೇರಿಯ ಬಿರುಗಾಳಿ, ಮಟ್ಟುವಿನ ಹೂ

ಹಾಗಾದರೆ ಆ ಡಿಸೆಂಬರಿನಲ್ಲಿ ಆದದ್ದೇನು?

2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡಕ್ಕೆ ಬಂತು. ಬಂಗಾಳ ಕೊಲ್ಲಿಯದ್ದು, ನಮಗೇನು ಎಂದುಕೊಂಡಿದ್ದೆವು. ಶಕ್ತಿ ಕಳೆದುಕೊಂಡು ನೆಲ ದಾಟಿ ಅರಬ್ಬಿ ಸಮುದ್ರದ ಕಡೆ ಬಂದ ಅದರ ಬಾಲ ಡಿಸೆಂಬರ್ ಮೊದಲ ವಾರ ಕರಾವಳಿಯಲ್ಲೂ ಮಳೆ ಸುರಿಸಿತು. ಗುಳ್ಳ ಮೊದಲ ಹೂ ಬಿಡುವ ಹೊತ್ತು ಅದು.

ಮಳೆ ಬಂದರೆ ದುಂಬಿ ಹಾರುವುದಿಲ್ಲ. ಒದ್ದೆಯಾದ ಪರಾಗ ಅಂಟಿಕೊಳ್ಳುತ್ತದೆ, ಉದುರುವುದಿಲ್ಲ. ಬುಡದಲ್ಲಿ ನೀರು ನಿಂತರೆ ಬೇರಿಗೆ ಉಸಿರಿಲ್ಲ, ಗಿಡವೇ ಹೂ ಕಳಚುತ್ತದೆ. ಮೋಡ ಕಟ್ಟಿದರೆ ಹುಳದ ಕಾಟ ಎಂದು ಮದ್ದು ಬಿಡುತ್ತೇವೆ. ಬೆಳಿಗ್ಗೆಯೇ ಬಿಡುತ್ತೇವೆ, ದುಂಬಿ ಬರುವ ಹೊತ್ತಿಗೆ. ಅದೂ ಸೇರಿತು.

ಇದರಲ್ಲಿ ಯಾವುದರ ಪಾಲು ಎಷ್ಟು ಎಂದು ಒಂದು ಗದ್ದೆ ನೋಡಿ ಹೇಳಲು ಆಗುವುದಿಲ್ಲ. ಬದನೆಯಲ್ಲಿ ಕೆಲವು ಹೂವುಗಳ ಶಲಾಕೆ ಗಿಡ್ಡ ಇರುತ್ತದೆ, ಅವು ಹೇಗೂ ಉದುರುವಂಥವು. ಹವಾಮಾನ ಬದಲಾವಣೆಯಿಂದಲೇ ಹೀಗಾಯಿತು ಎಂದು ತಲೆಬರಹ ಕೊಡುವುದು ಸುಲಭ. ನಾನೂ ಮೊದಲು ಹಾಗೇ ಬರೆಯಲು ಹೊರಟಿದ್ದೆ. ಈಗ ಅಷ್ಟು ಧೈರ್ಯ ಇಲ್ಲ.

ಆದರೆ ಒಂದು ವಿಷಯ ನನಗೆ ಸ್ಪಷ್ಟವಾಯಿತು. ಗಿಡಕ್ಕೆ ಒಂದು ಗಡಿಯಾರ, ಕೀಟಕ್ಕೆ ಇನ್ನೊಂದು. ಗೇರು, ಮಾವು ಚೆನ್ನಾಗಿ ಹೂ ಬಿಡಲು ಒಣ ಹವೆ, ರಾತ್ರಿಯ ಚಳಿ ಬೇಕು. ಕೀಟದ ಮೊಟ್ಟೆ ಒಡೆದು ಮರಿ ಬೆಳೆದು ರೆಕ್ಕೆ ಬರುವುದು ಹೆಚ್ಚಾಗಿ ಸೆಕೆಯ ಲೆಕ್ಕದಲ್ಲಿ. ಎಷ್ಟೋ ಕಾಲದಿಂದ ಈ ಎರಡು ಗಡಿಯಾರಗಳು ಹೆಚ್ಚುಕಮ್ಮಿ ಒಂದೇ ಹೊತ್ತು ತೋರಿಸುತ್ತಿದ್ದವು. ಮಳೆ ದೀಪಾವಳಿ ದಾಟಿ ಎಳೆದರೆ, ಚಳಿ ತಡವಾದರೆ, ಎರಡೂ ಒಂದೇ ಲೆಕ್ಕದಲ್ಲಿ ಹಿಂದೆ ಸರಿಯುವುದಿಲ್ಲ. ಹೂ ಬಂದಾಗ ದುಂಬಿ ಇಲ್ಲ, ದುಂಬಿ ಬಂದಾಗ ಹೂ ಇಲ್ಲ.

ಮಾವನ ಲೆಕ್ಕ

ಪೆಟ್ಟಿಗೆ ವಾಪಸ್ ಕೊಡಲು ಜನವರಿಯಲ್ಲಿ ಮಾಳಕ್ಕೆ ಹೋದೆ. ಜೇನಿನ ಬಗ್ಗೆ ಮಾವ ಮಾತು ಶುರು ಮಾಡಿದರೆ 1991-92ರಿಂದಲೇ. ಆ ಹೊತ್ತಿಗೆ ದಕ್ಷಿಣ ಭಾರತಕ್ಕೆ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗಕ್ಕೆ ತುಡುವೆಯ ಮರಿಗಳು ಗೂಡಿನಲ್ಲೇ ನೀರು ತುಂಬಿದ ಚೀಲದ ಹಾಗೆ ಆಗಿ ಸತ್ತವು. ನಮ್ಮ ಕಡೆಯ ಹೆಚ್ಚಿನ ಪೆಟ್ಟಿಗೆಗಳು ಖಾಲಿಯಾದವು. ಅದು ಹವಾಮಾನದಿಂದ ಬಂದ ರೋಗ ಅಲ್ಲ. ಆದರೆ ಮಾವ ಆಗ ಕಲಿತ ಪಾಠ ಈಗಲೂ ನಡೆಯುತ್ತದೆ: ಹೊಟ್ಟೆಗಿಲ್ಲದೆ ಸೊರಗಿದ ಕುಟುಂಬ ಮೊದಲು ಬೀಳುತ್ತದೆ.

"ಮಳೆಗಾಲ ನಾಲ್ಕು ತಿಂಗಳು ಸಕ್ಕರೆ ನೀರು ಕೊಟ್ಟು ಬದುಕಿಸುದು. ಮಳೆ ಬಿಟ್ಟ ಮೇಲೆ ಹುಡಿ ಬರಬೇಕು, ಮೊಟ್ಟೆ ಹೆಚ್ಚಬೇಕು. ಫೆಬ್ರವರಿಗೆ ರಬ್ಬರ್ ಚಿಗುರುವಾಗ ಪೆಟ್ಟಿಗೆ ತುಂಬ ನೊಣ ಇರಬೇಕು. ಮಳೆ ಡಿಸೆಂಬರಿಗೆ ಬಂದರೆ ನನ್ನ ಲೆಕ್ಕ ಎಲ್ಲ ಹೋಯ್ತು" ಎಂದರು.

ರಬ್ಬರಿನ ತುಪ್ಪ ಹೂವಿನದ್ದಲ್ಲ ಎಂದು ನನಗೆ ಗೊತ್ತಾದದ್ದೂ ಅವತ್ತೇ. ಎಲೆ ಉದುರಿ ಹೊಸ ಚಿಗುರು ಬರುವಾಗ ಎಲೆಯ ತೊಟ್ಟಿನಲ್ಲಿ ಸಿಹಿ ರಸ ಒಸರುತ್ತದೆ, ಜೇನು ಕುಡಿಯುವುದು ಅದನ್ನು. ಆ ಕೆಲವು ವಾರಗಳಲ್ಲಿ ಒಂದು ಮಳೆ ಬಿದ್ದರೂ ರಸ ತೊಳೆದುಹೋಗುತ್ತದೆ.

ಸೆಕೆಯೂ ಹಾಗೆಯೇ. ಗೂಡಿನಲ್ಲಿ ಮರಿ ಇರುವ ಜಾಗವನ್ನು ಜೇನು ಸುಮಾರು 34-35 ಡಿಗ್ರಿಯಲ್ಲಿ ಇಟ್ಟುಕೊಳ್ಳುತ್ತದೆ. ಹೊರಗೆ ಅದಕ್ಕಿಂತ ಸೆಕೆಯಾದರೆ ರೆಕ್ಕೆ ಬೀಸಿ, ನೀರು ತಂದು ತಂಪು ಮಾಡಬೇಕು. ನೀರು ಹೊರುವ ನೊಣ ಹೂವಿಗೆ ಹೋಗುವುದಿಲ್ಲ.

ಕೊಡಗಿನ ರೊಬಸ್ಟಾ ಕಾಫಿ ತೋಟಗಳಲ್ಲಿ ಪೊನ್ನಂಪೇಟೆ ಅರಣ್ಯ ಕಾಲೇಜಿನವರೂ ಹೊರದೇಶದ ವಿಜ್ಞಾನಿಗಳೂ ಸೇರಿ ಇಂಥದ್ದೇ ವಿಷಯ ಅಧ್ಯಯನ ಮಾಡಿದ್ದಾರೆ. ಕಾಫಿ ಹೂ ಅರಳುವುದು ಬೇಸಿಗೆಯ ಮೊದಲ ಮಳೆಗೆ. ಮಳೆ ಕೈಕೊಟ್ಟರೆ ತೋಟದವರು ಸ್ಪ್ರಿಂಕ್ಲರ್ ಹಾಕಿ ಅರಳಿಸುತ್ತಾರೆ. ಆ ಹೂವಿಗೆ ಹೆಚ್ಚು ದುಡಿಯುವುದು ಹೆಜ್ಜೇನು. ಮಣಿಪಾಲದಲ್ಲಿ ಎತ್ತರದ ಕಟ್ಟಡದ ಸಜ್ಜಾದ ಕೆಳಗೆ ನೇತಾಡುವ ಹೆಜ್ಜೇನಿನ ತಟ್ಟಿ ನೋಡಿದರೆ ನಮಗೆ ಹೆದರಿಕೆ. ಕೊಡಗಿನ ಬೆಳೆಗಾರರಿಗೆ ಅದು ಸಂಬಳ ಇಲ್ಲದ ಆಳು.

ಯಾರ ನಷ್ಟ ಲೆಕ್ಕಕ್ಕೆ ಬರುತ್ತದೆ?

ಊರಿನ ಬೆಳೆಗಳ ಪಟ್ಟಿ ಮಾಡಿ ನೋಡಿದೆ. ಭತ್ತಕ್ಕೆ ಜೇನು ಬೇಡ. ಅಡಿಕೆಗೆ ಹೆಚ್ಚಿನ ಕೆಲಸ ಗಾಳಿಯದ್ದು. ಪಕ್ಕದ ಶಂಕರಪುರದ ಮಲ್ಲಿಗೆಗೂ ಬೇಡ, ಮೊಗ್ಗಿನಲ್ಲೇ ಕೊಯ್ದು ಕಟ್ಟಿ ಅಟ್ಟೆ ಲೆಕ್ಕದಲ್ಲಿ ಮಾರುತ್ತೇವಲ್ಲ.

ಜೇನು, ದುಂಬಿ, ನೊಣ ಬೇಕಾದವು ಯಾವುವು? ಗುಳ್ಳ, ಸೌತೆ, ಚೀನಿಕಾಯಿ, ಹಾಗಲ, ಹೀರೆ, ಗೇರು, ಮಾವು. ಚೀನಿಕಾಯಿಯ ಹೂ ಬೆಳಗಿನ ಜಾವ ಅರಳಿ ಬಿಸಿಲೇರುವಾಗ ಮುದುಡುತ್ತದೆ. ಆ ಕೆಲವೇ ಗಂಟೆ ಮಳೆ ಬಂದರೆ ಆ ಹೂವಿನ ಕಥೆ ಮುಗಿಯಿತು. ಹೀರೆಯದ್ದು ಸಂಜೆ ಅರಳುವ ಹೂ.

ಈ ಪಟ್ಟಿಯಲ್ಲಿ ಗೇರು, ಮಾವು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಕಡೆ ಹೆಚ್ಚಾಗಿ ಹೆಂಗಸರ ಕೈಯ ಬೆಳೆ. ನೀರು ಹಾಕುವವರು ಅವರು, ಕೊಯ್ಯುವವರು ಅವರು. ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ಮುಕ್ಕಾಲು ಪಾಲು ಸ್ವಲ್ಪವಾದರೂ ಪರಾಗ ಒಯ್ಯುವ ಜೀವಿಗಳನ್ನು ನಂಬಿವೆ ಎಂದು 2016ರಲ್ಲಿ ವಿಶ್ವ ಮಟ್ಟದ ವರದಿಯೊಂದು ಹೇಳಿತು. ನಮ್ಮ ಮನೆಯಲ್ಲಿ ಆ ಮುಕ್ಕಾಲು ಪಾಲು ಅಮ್ಮನ ಸೆರಗಿನಲ್ಲಿ ಉಂಟು.

ನೆರೆ ಬಂದು ಗದ್ದೆ ಮುಳುಗಿದರೆ ಫೋಟೋ ಬರುತ್ತದೆ. 2020ರ ಸೆಪ್ಟೆಂಬರ್ 20ರಂದು ಉಡುಪಿ ಮುಳುಗಿದಾಗ ಬಂದ ಹಾಗೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಕಾಪು ಕಡಲು ಉಕ್ಕಿದಾಗ ಬಂದ ಹಾಗೆ. ಹೂ ಉದುರಿದರೆ ಯಾರು ಫೋಟೋ ತೆಗೆಯುತ್ತಾರೆ? ಗಿಡ ಹಸುರಾಗಿಯೇ ಇರುತ್ತದಲ್ಲ. ವರದಿ ಮಾಡುವ ಕೆಲಸ ಕಲಿತ ನಾನೇ ಅಮ್ಮ ಫೋನ್ ಮಾಡುವ ತನಕ ನೋಡಿರಲಿಲ್ಲ.

ಕ್ಯಾಲೆಂಡರ್ ಮತ್ತು ಹಟ್ಟಿಯ ಗೋಡೆ

ಅಮ್ಮನಿಗೆ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡುವ ಅಭ್ಯಾಸ. ಹಾಲಿನ ಲೆಕ್ಕ, ಸಂಘದ ಕಂತು, ನಡುವೆ "ಗುಳ್ಳ ಮೊದಲ ಕೊಯ್ಲು", "ಜೋರು ಮಳೆ". ಹಳೆಯ ಐದು ಕ್ಯಾಲೆಂಡರ್ ಕಪಾಟಿನ ಹಲಗೆಗೆ ಹಾಸಿದ್ದು ಸಿಕ್ಕಿತು. ಒಂದು ವರ್ಷ ಮೊದಲ ಕೊಯ್ಲು ಷಷ್ಠಿಗಿಂತ ಮುಂಚೆ. ಕಳೆದ ಸಲ ಮಕರ ಸಂಕ್ರಾಂತಿ ದಾಟಿ. ಐದು ಕ್ಯಾಲೆಂಡರಿನಿಂದ ಏನೂ ಸಿದ್ಧ ಮಾಡಲು ಆಗುವುದಿಲ್ಲ. ಮೂವತ್ತು ಇದ್ದಿದ್ದರೆ ಆಗುತ್ತಿತ್ತು ಎಂಬುದೇ ನನ್ನ ಸಂಕಟ.

ಅದೇ ಹೊತ್ತಿಗೆ ನೀಲಿ ಪಟ್ಟೆಯ ದುಂಬಿಗಳು ಎಲ್ಲಿಂದ ಬರುತ್ತವೆ ಎಂದೂ ಗೊತ್ತಾಯಿತು. ನಮ್ಮದೇ ಹಳೆ ಹಟ್ಟಿಯ ಮಣ್ಣಿನ ಗೋಡೆಯಿಂದ. ಮೂಡು ದಿಕ್ಕಿನ ಗೋಡೆಯಲ್ಲಿ ಪೆನ್ಸಿಲ್ ತೂರುವಷ್ಟು ದೊಡ್ಡ ತೂತುಗಳು. ದನ ಮಾರಿ ಎರಡು ವರ್ಷ ಆಗಿತ್ತು. ಹಟ್ಟಿ ಕೆಡವಿ ಬೈಕು, ಗುಳ್ಳದ ಕ್ರೇಟು ಇಡಲು ಶೆಡ್ ಕಟ್ಟುವುದೆಂದು ಅಪ್ಪ ತೀರ್ಮಾನಿಸಿದ್ದರು.

ನಾನು ಬೇಡ ಎಂದೆ. ಮಾತಿಗೆ ಮಾತು ಬೆಳೆಯಿತು. "ನಾಲ್ಕು ಹುಳಕ್ಕಾಗಿ ಬೀಳುವ ಗೋಡೆ ಇಟ್ಟುಕೊಳ್ಳಬೇಕಾ?" ಎಂದು ಅಪ್ಪ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಣ್ಣಿನ ಗೋಡೆಯ ಪಕ್ಕದಲ್ಲಿ ನಡೆದಾಡುವವರು ಅವರು, ಮಣಿಪಾಲದಲ್ಲಿರುವ ನಾನಲ್ಲ.

2025ರ ಮೇ ತಿಂಗಳ ನಡುವಿಗೆ ಹಂಚು ಇಳಿಸಿ ಆಯಿತು. ಮಳೆಗೆ ಮುಂಚೆ ಕೆಡವುವುದು ಎಂದು ಲೆಕ್ಕ. ಪತ್ತನಾಜೆಗೆ ನಾಲ್ಕು ಹನಿಯಾದರೂ ಬೀಳಬೇಕು ಎನ್ನುತ್ತಾರೆ ನಮ್ಮ ಹಿರಿಯರು. ಆ ವರ್ಷ ಪತ್ತನಾಜೆಯ ಹೊತ್ತಿಗೆ ಬಂದದ್ದು ಹನಿಯಲ್ಲ, ಮುಂಗಾರೇ. ಮೇ 24ಕ್ಕೆ ಕೇರಳ ಮುಟ್ಟಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. 2023ರಲ್ಲಿ ಅದೇ ಮುಂಗಾರು ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ. ಎರಡು ವರ್ಷದ ಅಂತರದಲ್ಲಿ 15 ದಿನದ ವ್ಯತ್ಯಾಸ. ಬೀಜ ಹಾಕುವವರು ಯಾವುದನ್ನು ನಂಬಬೇಕು?

ಕೆಲಸದವರು ಬರಲಿಲ್ಲ. ಹಂಚಿಲ್ಲದ ಗೋಡೆಯ ಮೇಲೆ ಮಳೆ ಸುರಿಯಿತು. ಶನಿವಾರ ರಾತ್ರಿ ನಾನು ಊರಿಗೆ ತಲುಪಿದಾಗ ಅಪ್ಪ ಟಾರ್ಚ್ ಹಿಡಿದು ಮೂಡಣ ಗೋಡೆಗೆ ಟರ್ಪಾಲು ಕಟ್ಟುತ್ತಿದ್ದರು. ನನ್ನನ್ನು ನೋಡಿ, "ಇನ್ನೊಂದು ತುದಿ ಹಿಡಿ" ಎಂದರು. ಬೇರೆ ಏನೂ ಹೇಳಲಿಲ್ಲ.

ಜುಲೈ ತಿಂಗಳಲ್ಲಿ ಪಡುವಣ ಗೋಡೆ ಬಿತ್ತು, ತೆಂಕಣದ್ದು ಅರ್ಧ ಹೋಯಿತು. ಮೂಡಣದ್ದು ನಿಂತಿತು. ಅದರ ಮೇಲೆ ಈಗ ಎರಡು ತಗಡು ಶೀಟು ಇದೆ. ಶೆಡ್ ಅದನ್ನು ಬಿಟ್ಟು ಆಚೆ ಬದಿಗೆ ಬರುತ್ತದಂತೆ.

ನಾವು ಮಾಡಿದ್ದು ಇಷ್ಟೇ

ಮದ್ದು ಬಿಡಲೇಬೇಕಾದರೆ ಅಮ್ಮ ಈಗ ಸಂಜೆ ಬಿಡುತ್ತಾಳೆ, ದುಂಬಿಗಳು ಗೂಡು ಸೇರಿದ ಮೇಲೆ. ಬಿದ್ದ ಮರದ ಒಣ ಗೆಲ್ಲುಗಳನ್ನು ಒಲೆಗೆ ಹಾಕದೆ ಬೇಲಿಯ ಮೂಲೆಯಲ್ಲಿ ಇಟ್ಟಿದ್ದೇವೆ, ಕಪ್ಪು ದುಂಬಿಗೆ. ಹುಣಿಯ ಬದಿಯ ತುಂಬೆ, ಕಾಡುತುಳಸಿಯನ್ನು ಪೂರ್ತಿ ಸವರುವುದಿಲ್ಲ. ಗುಳ್ಳದಲ್ಲಿ ಮಕರಂದ ಇಲ್ಲವಲ್ಲ, ದುಂಬಿಯ ಹೊಟ್ಟೆಗೆ ಬೇರೆ ಹೂ ಬೇಕು. ಯಾವುದಕ್ಕೂ ದುಡ್ಡು ಖರ್ಚಾಗಲಿಲ್ಲ. ಇದರಿಂದ ಮಳೆ ಸರಿಯಾದ ಹೊತ್ತಿಗೆ ಬರುವುದಿಲ್ಲ, ನಿಜ. ಬಂದ ಮಳೆ ಬಿಟ್ಟ ಮೇಲೆ ಹೂವಿಗೆ ಬರುವವರು ಉಳಿದಿರಬೇಕು, ಅಷ್ಟೇ ಆಸೆ.

ನಿಮ್ಮಲ್ಲಿ ಒಂದು ಮಾತು ಕೇಳುತ್ತೇನೆ. ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಈ ವರ್ಷದಿಂದ ಮೂರು ದಿನ ಗುರುತು ಹಾಕಿ: ಗೇರಿಗೋ ಮಾವಿಗೋ ಮೊದಲ ಹೂ ಕಂಡ ದಿನ, ತರಕಾರಿಯ ಮೊದಲ ಕೊಯ್ಲಿನ ದಿನ, ಕಾಲ ತಪ್ಪಿ ಮಳೆ ಬಂದ ದಿನ. ಕ್ಯಾಲೆಂಡರ್ ಎಸೆಯಬೇಡಿ. ವಿಜ್ಞಾನಿಗಳು ನಮ್ಮ ಗದ್ದೆಗೆ ಬರುವ ದಿನ ನಮ್ಮ ಹತ್ತಿರ ತೋರಿಸಲು ಏನಾದರೂ ಇರಬೇಕು.

ಮೊನ್ನೆ ಊರಿಗೆ ಹೋದಾಗ ಹೊಸ ಗುಳ್ಳದ ಸಸಿ ನೆಟ್ಟು ಆಗಿತ್ತು. ಸಂಜೆ ಹಟ್ಟಿಯ ಗೋಡೆ ನೋಡಲು ಹೋದೆ. ಹಳೆಯ ತೂತುಗಳ ನಡುವೆ ಮೂರು ಹೊಸದು. ಬುಡದಲ್ಲಿ ತಾಜಾ ಮಣ್ಣಿನ ಹುಡಿ. ಅಪ್ಪ ಹಿಂದಿನಿಂದ ಬಂದು ನಿಂತರು.

"ಆರು ಇತ್ತು ನಿನ್ನೆ" ಎಂದರು. "ನೀನು ಸರಿಯಾಗಿ ನೋಡಲಿಲ್ಲ. ಆ ಮೂಲೆಯಲ್ಲಿ ನೋಡು."